ನರವಲ್ಲ, ನಾಳ

ಮಲ್ಲಿಪಟ್ಟಣದ ಸುತ್ತಿನ ಯಾವ ಊರಲ್ಲಾದರೂ ಗಂಡಸರ ಆಪರೇಷನ್ ಮಾತೆತ್ತಿ ನೋಡಿ. 'ನರ ಕತ್ತರಿಸ್ತಾರೆ ಕಣಪ್ಪ, ಆಮೇಲೆ ಮೂಟೆ ಎತ್ತೋಕಾಗಲ್ಲ, ಹೆಂಡ್ತಿ ಹತ್ರ ಹೋಗೋಕೂ ಆಗಲ್ಲ.' ಗೌಡರ ಅರಳಿಕಟ್ಟೆಯಲ್ಲೂ ಇದೇ ಮಾತು, ನಮ್ಮ ಕೇರಿಯ ಜಗಲಿಯಲ್ಲೂ ಇದೇ. ನೀರು ಬೇರೆ, ಲೋಟ ಬೇರೆ. ಈ ಸುಳ್ಳಿಗೆ ಮಾತ್ರ ಮೈಲಿಗೆಯಿಲ್ಲ!

ಕತ್ತರಿಸುವುದು ನರವನ್ನಲ್ಲ. ಬೀಜದಿಂದ, ಅಂದರೆ ಪುಸ್ತಕದ ಮಾತಲ್ಲಿ ವೃಷಣದಿಂದ, ವೀರ್ಯಾಣು ಹೊತ್ತು ತರುವ ಎರಡು ಸಣ್ಣ ನಾಳಗಳನ್ನು. ಗಂಡಸಿನ ಮೀಸೆಗೆ, ದನಿಗೆ, ಆಸೆಗೆ ಕಾರಣವಾದ ರಸ ಆ ನಾಳದಲ್ಲಿ ಹರಿಯುವುದೇ ಇಲ್ಲ. ಅದು ಬೀಜದಿಂದ ನೇರ ರಕ್ತ ಸೇರುತ್ತದೆ. ವೀರ್ಯದ ಬಹುಪಾಲು ದ್ರವ ಒಡಲೊಳಗಿನ ಬೇರೆ ಗ್ರಂಥಿಗಳದ್ದು, ಅದೂ ನಿಲ್ಲುವುದಿಲ್ಲ. ನಮ್ಮವರ ತಲೆಯಲ್ಲಿರುವುದು ಹೋರಿಗೆ ಬೀಜ ಒಡೆಯುವ ಚಿತ್ರ. ಹಾಗೆ ಒಡೆದ ಎತ್ತೇ ಅಲ್ಲವೇ ಜೀವಮಾನವೆಲ್ಲ ನೇಗಿಲೆಳೆಯುವುದು? ಇಲ್ಲಿ ಬೀಜ ಮುಟ್ಟುವುದೂ ಇಲ್ಲ. 1974ರಲ್ಲಿ ಚೀನಾದಲ್ಲಿ ಹುಟ್ಟಿದ ವಿಧಾನಕ್ಕೆ ಚಾಕುವೂ ಬೇಡ, ಹೊಲಿಗೆಯೂ ಬೇಡ. ಒಂದು ವಾರ ಭಾರ ಎತ್ತಬಾರದು; ಮೂರು ತಿಂಗಳು ನಿರೋಧ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು. ಇಷ್ಟೇ.

ಈ ಸುಳ್ಳಿನ ಬೆಲೆ ತೆರುತ್ತಿರುವವರು ಯಾರು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇಕಡಾ 57 ಜನ ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಸಾಲಿನಲ್ಲಿರುವುದು ಸೊನ್ನೆ. 1930ರಲ್ಲೇ ಸರ್ಕಾರದಿಂದ ಸಂತಾನ ನಿಯಂತ್ರಣ ಕೇಂದ್ರ ತೆರೆದ ಮೈಸೂರು ಸೀಮೆಯ ಗಂಡಸರ ಕಥೆ ಇದು. ಹೆರುವವಳೂ ಅವಳೇ, ಹೊಟ್ಟೆ ಕೊಯ್ಯಿಸಿಕೊಳ್ಳುವವಳೂ ಅವಳೇ, ಹೊಲಿಗೆ ಮಾಗುವ ಮುಂಚೆ ಶುಂಠಿ ಹೊಲಕ್ಕೆ ಇಳಿಯುವವಳೂ ಅವಳೇ. 2014ರಲ್ಲಿ ಛತ್ತೀಸ್‌ಗಢದ ಬಿಲಾಸಪುರದ ಬಳಿ ಒಂದೇ ದಿನ 83 ಹೆಂಗಸರನ್ನು ಸಾಲಾಗಿ ಮಲಗಿಸಿ ಕೊಯ್ದರು. ಹತ್ತಕ್ಕೂ ಹೆಚ್ಚು ಜನ ಸತ್ತರು. ಬಡವರ ಮನೆಯ ಹೆಂಗಸರು.

ಭಯ ಸುಮ್ಮನೆ ಹುಟ್ಟಿದ್ದಲ್ಲ, ನಮಗೆ ಗೊತ್ತು. ತುರ್ತು ಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಈ ಆಪರೇಷನ್ ಆಯಿತು. ಟಾರ್ಗೆಟ್ ತುಂಬಿಸಲು ಎಳಕೊಂಡು ಹೋದದ್ದು ಧಣಿಗಳ ಮಕ್ಕಳನ್ನಲ್ಲ. ಆ ಬಲಾತ್ಕಾರವನ್ನು ಇವತ್ತೂ ಧಿಕ್ಕರಿಸುತ್ತೇವೆ. ಆದರೆ ಗಂಡಸರ ಸಿಟ್ಟಿಗೆ ಹೆದರಿದ ಸರ್ಕಾರ 1977ರ ನಂತರ ಕತ್ತರಿಯನ್ನು ಕೆಳಗಿಡಲಿಲ್ಲ, ಹೆಂಗಸರ ಕಡೆ ತಿರುಗಿಸಿತು. ನಮ್ಮ ಗಂಡಸರು ಅದನ್ನು ಒಪ್ಪಿಕೊಂಡು ಸುಮ್ಮನಾದರು. ಸಮಾನತೆಯ ಭಾಷಣ ಬಿಗಿಯುವ ಸಂಗಾತಿಗಳೇ, ನಿಮ್ಮ ಮನೆಯಲ್ಲಿ ಆಪರೇಷನ್ ಯಾರಿಗಾಯಿತು?

ಮೇಷ್ಟ್ರೇ, ಹತ್ತನೇ ತರಗತಿಯ ವಿಜ್ಞಾನದಲ್ಲಿ ಆ ನಾಳದ ಚಿತ್ರ ಇದೆ. 'ಮನೇಲಿ ಓದ್ಕಳ್ಳಿ' ಅಂತ ಹಾಳೆ ಮಗುಚಬೇಡಿ. ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯಿರಿ, ಹುಡುಗರು ಹುಡುಗಿಯರನ್ನು ಒಟ್ಟಿಗೇ ಕೂರಿಸಿಕೊಂಡು.