ಹೆಸರು ಕಾಲಡಿ ಇರಬೇಕಾ?



ಹಿಟ್ಲರ್ ಆಡಳಿತ 60 ಲಕ್ಷ ಯಹೂದಿಗಳನ್ನ ಕೊಂದಿತು ಅಂತ ಭಾಷಣದಲ್ಲಿ ಒಂದೇ ಉಸಿರಿಗೆ ಹೇಳಿ ಮುಂದೆ ಹೋಗ್ತೀವಿ. ನಾನೂ ಎಷ್ಟೋ ಸಲ ಹಾಗೇ ಹೇಳಿದ್ದೀನಿ. ಜರ್ಮನಿಯ ಫುಟ್‌ಪಾತ್‌ಗಳಲ್ಲಿರೋ 'ಸ್ಟೋಲ್ಪರ್‌ಸ್ಟೈನ್' ಅಂದ್ರೆ 'ಎಡವೋ ಕಲ್ಲು'ಗಳ ಬಗ್ಗೆ ಓದಿದ ಮೇಲೆ ಹಾಗೆ ಹೇಳೋಕೆ ಸಂಕೋಚ ಆಗ್ತಿದೆ.

ಹತ್ತು ಸೆಂಟಿಮೀಟರ್ ಚೌಕದ ಹಿತ್ತಾಳೆ ತಗಡು. ಆ ವ್ಯಕ್ತಿ ತಾನಾಗಿ ಆರಿಸಿಕೊಂಡು ಬಾಳಿದ ಕೊನೆಯ ಮನೆಯ ಮುಂದೆ. 'ಇಲ್ಲಿ ವಾಸವಿದ್ದರು' ಅಂತ ಶುರು. ಆಮೇಲೆ ಹೆಸರು, ಹುಟ್ಟಿದ ವರ್ಷ, ಯಾವಾಗ ಸಾಗಿಸಿದರು, ಎಲ್ಲಿ ಕೊಂದರು. ಗುಂಟರ್ ಡೆಮ್ನಿಗ್ ಅನ್ನೋ ಕಲಾವಿದ 1996ರಲ್ಲಿ ಬರ್ಲಿನ್‌ನಲ್ಲಿ ಕೂರಿಸಿದಾಗ ಪರ್ಮಿಷನ್ನೇ ತಗೊಂಡಿರಲಿಲ್ಲ. 2023ರಲ್ಲಿ ಲಕ್ಷದ ಕಲ್ಲು ನ್ಯೂರೆಂಬರ್ಗ್‌ನಲ್ಲಿ ಕೂತಿತು. ರೋಮಾ ಜನರದ್ದು, ಸಲಿಂಗಿಗಳದ್ದು, ವಿಕಲಚೇತನರದ್ದೂ ಇವೆ.

ನಾನು ಗುಮಾಸ್ತ, ನನ್ನನ್ನ ಹಿಡಿದು ನಿಲ್ಲಿಸಿದ್ದು ಆ ವಿಳಾಸ. ಜನರನ್ನ ರೈಲಿಗೆ ಹತ್ತಿಸೋಕೆ ಮುಂಚೆ ಹೆಸರು, ಬೀದಿ, ಮನೆ ನಂಬರು ಪಟ್ಟಿ ಮಾಡಿದ್ದು ನನ್ನಂಥ ಗುಮಾಸ್ತರೇ. ಮನೇಲಿರೋ ಕುರ್ಚಿ, ಹಾಸಿಗೆ, ಬಟ್ಟೆಬರೆ ಎಲ್ಲ ಬರೀರಿ ಅಂತ 16 ಪುಟದ ಫಾರಂ ಅವರ ಕೈಲೇ ತುಂಬಿಸಿದರು. ಅವರು ಹೋದ ಮೇಲೆ ಅದನ್ನೇ ನೋಡಿ ಸಾಮಾನು ಜಪ್ತಿ, ಹರಾಜು. ಎಲ್ಲಾ ಸೀಲು, ಸಹಿ, ಫೈಲಲ್ಲೇ ನಡೆದದ್ದು. ಈಗ ಶಾಲೆ ಮಕ್ಕಳು, ನೆರೆಯವರು ಅದೇ ಕಡತ ತೆಗೆದು ಅದೇ ಬಾಗಿಲು ಹುಡುಕ್ತಾರೆ.

ಆದ್ರೆ ಮ್ಯೂನಿಕ್ ನಗರ ತನ್ನ ಫುಟ್‌ಪಾತಲ್ಲಿ ಈ ಕಲ್ಲಿಗೆ ಜಾಗ ಕೊಟ್ಟಿಲ್ಲ. ಬಲವಾಗಿ ವಿರೋಧಿಸಿದವರು ಅಲ್ಲಿನ ಯಹೂದಿ ಸಮುದಾಯದ ಮುಖ್ಯಸ್ಥೆ ಷಾರ್ಲೊಟ್ಟೆ ಕ್ನೊಬ್ಲೊಖ್. ಚಿಕ್ಕ ಹುಡುಗಿಯಾಗಿದ್ದಾಗ ಹಳ್ಳಿ ಮನೆಯೊಂದರಲ್ಲಿ ಅಡಗಿದ್ದು ಬದುಕಿದವರು ಅವರು. ತುಳಿಸಿಕೊಂಡು ಸತ್ತವರ ಹೆಸರನ್ನ ಮತ್ತೆ ತುಳಿಸೋದು ಬೇಡ ಅನ್ನೋದು ಅವರ ವಾದ.

ಓದಬೇಕಾದ್ರೆ ಬಗ್ಗಲೇಬೇಕು, ಅದೇ ಗೌರವ ಅಂತ ಕಲ್ಲಿನ ಪರ ಇರೋರು ಹೇಳ್ತಾರೆ. ಸ್ವಾಮಿ, ಬಗ್ಗೋದು ಓದೋರು ಮಾತ್ರ. ಉಳಿದವರು ಮೆಟ್ಟಿಕೊಂಡೇ ಹೋಗ್ತಾರೆ. ಪಾದದಿಂದ ಹುಟ್ಟಿದವರ ಲೆಕ್ಕಕ್ಕೂ ಸೇರಿಸದೆ ಊರಾಚೆ ಇಟ್ಟ ಜನ ನಾವು, ಕಾಲಡಿ ಅಂದ್ರೆ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. 2018ರಿಂದ ಮ್ಯೂನಿಕ್ ಗೋಡೆಗೆ, ಕಂಬಕ್ಕೆ, ಕಣ್ಣಿನೆತ್ತರದಲ್ಲಿ ಹೆಸರು ಹಾಕಿಸ್ತಿದೆ. ನನ್ನ ಮನಸ್ಸು ಅತ್ತಲೇ ವಾಲುತ್ತೆ.

ಆದರೂ ನನ್ನ ಮನಸ್ಸಿನ ಮಾತು ಇಲ್ಲಿ ನಡೀಬಾರದು, ನಗರಸಭೆಯದ್ದೂ ಅಷ್ಟೇ. ತಮ್ಮವರ ಹೆಸರಿಗೆ ಕಲ್ಲೇ ಬೇಕು ಅಂತ ಮ್ಯೂನಿಕ್‌ನಲ್ಲೇ ಕೆಲವು ಬಂಧುಗಳು ಕೋರ್ಟಿಗೂ ಹೋದರು. ಗೆಲ್ಲಲಿಲ್ಲ. ಅಲ್ಲಿ ಕೆಲವು ಕಲ್ಲು ಈಗ ಖಾಸಗಿ ಜಾಗದಲ್ಲಿ, ಫುಟ್‌ಪಾತಿನ ಗೆರೆಯಿಂದ ಒಳಗೆ ಕೂತಿವೆ.