ಅಂತೆಕಂತೆಗಳ ಆಚೆಗೆ

2024ರ ಜುಲೈ 31ರಂದು ಕೇಂದ್ರ ಪರಿಸರ ಸಚಿವಾಲಯವು ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕುರಿತು ಆರನೆಯ ಕರಡು ಅಧಿಸೂಚನೆಯನ್ನು ಹೊರಡಿಸಿತು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಅದಕ್ಕೆ ಹಿಂದಿನ ಎರಡು ವಾರಗಳಲ್ಲಿ ಅಂಕೋಲಾದ ಶಿರೂರಿನಲ್ಲಿಯೂ ಕೇರಳದ ವಯನಾಡಿನಲ್ಲಿಯೂ ಗುಡ್ಡ ಕುಸಿದು ಜನ ಮಡಿದಿದ್ದರು. ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟವು ಈ ಕರಡಿಗೆ ಆಧಾರವಾದ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು.

ಈ ಅವಧಿಯಲ್ಲಿ ಮಲೆನಾಡಿನ ಮನೆಗಳನ್ನು ತಲುಪಿದ್ದು ವರದಿಯಲ್ಲ, ವರದಿಯ ಕುರಿತಾದ ಭಾಷಣಗಳು. ಒಕ್ಕಲೆಬ್ಬಿಸುತ್ತಾರಂತೆ, ಗೊಬ್ಬರ ಹಾಕಬಾರದಂತೆ, ಜಮೀನು ಮಾರಬಾರದಂತೆ! ಪತ್ರಿಕೆಗಳು ಒಂದು ಪಕ್ಷದ ನಾಯಕರ ಹೇಳಿಕೆಯನ್ನೂ ಇನ್ನೊಂದು ಪಕ್ಷದ ನಾಯಕರ ಪ್ರತಿಹೇಳಿಕೆಯನ್ನೂ ಅಕ್ಕಪಕ್ಕದಲ್ಲಿ ಅಚ್ಚುಮಾಡಿದವು. ಎರಡೂ ಕಡೆಯ ಅಭಿಪ್ರಾಯ ಬಂತೆಂದು ನಾವು ತೃಪ್ತರಾದೆವು. ಆದರೆ ಆ ಎರಡು ಕಡೆಗಳಲ್ಲಿ ನಮ್ಮ ಕಡೆ ಯಾವುದು?

ಕರಡನ್ನು ಓದಿದವರಿಗೆ ಬೇರೆಯೇ ಚಿತ್ರ ಕಾಣುತ್ತದೆ. ಅದು ನಿಷೇಧಿಸುವುದು ಗಣಿಗಾರಿಕೆ, ಕಲ್ಲುಕ್ವಾರಿ, ಮರಳುಗಾರಿಕೆ, ಹೊಸ ಉಷ್ಣವಿದ್ಯುತ್ ಸ್ಥಾವರ, ಕೆಂಪು ವರ್ಗದ ಹೊಸ ಕೈಗಾರಿಕೆ, 20,000 ಚದರ ಮೀಟರು ಮತ್ತು ಅದಕ್ಕಿಂತ ದೊಡ್ಡ ಕಟ್ಟಡ. ಒಕ್ಕಲೆಬ್ಬಿಸುವ ಮಾತು ಅದರಲ್ಲಿಲ್ಲ. ಹಾಗೆಂದು ಕರಡು ನಿರ್ದೋಷಿಯೂ ಅಲ್ಲ. ಉಪಗ್ರಹದ ಚಿತ್ರಗಳನ್ನು ಆಧರಿಸಿ, ನೈಸರ್ಗಿಕ ಭೂಪ್ರದೇಶವು ಶೇಕಡಾ 20ರಷ್ಟು ಅಥವಾ ಅದಕ್ಕಿಂತ ಹೆಚ್ಚಿರುವ ಗ್ರಾಮಗಳನ್ನು ಇಡಿಯಾಗಿ ಗುರುತಿಸಲಾಯಿತು. ಊರಿನವರನ್ನು ಕೇಳಲಿಲ್ಲ. ನ್ಯಾಯವಾದ ಆಕ್ಷೇಪ ಇಲ್ಲಿದೆ. ಅಂತೆಕಂತೆಗಳ ಗದ್ದಲದಲ್ಲಿ ಅದೇ ಮುಳುಗಿಹೋಯಿತು.

ಇದಕ್ಕೆ ಮೊದಲು ಬಂದ ಮಾಧವ ಗಾಡ್ಗೀಳ್ ಸಮಿತಿಯ ವರದಿಯ ಕಥೆಯೂ ಇದೇ. 2011ರಲ್ಲಿ ಸಲ್ಲಿಕೆಯಾದ ಆ ವರದಿಯನ್ನು ಸಚಿವಾಲಯ ಬಚ್ಚಿಟ್ಟಿತು. ಮಾಹಿತಿ ಹಕ್ಕಿನ ಅರ್ಜಿ, ಮಾಹಿತಿ ಆಯೋಗದ ಆದೇಶ, ದೆಹಲಿ ಹೈಕೋರ್ಟಿನ ತೀರ್ಪು, ಇಷ್ಟೆಲ್ಲ ಆದ ಮೇಲೆ 2012ರ ಮೇ ತಿಂಗಳಿನಲ್ಲಿ ಅದು ಹೊರಬಂತು. ಸೂಕ್ಷ್ಮ ವಲಯಗಳನ್ನು ಗ್ರಾಮಸಭೆಗಳ ಅಭಿಪ್ರಾಯ ಪಡೆದೇ ನಿರ್ಧರಿಸಬೇಕೆಂದು ಆ ವರದಿ ಹೇಳಿತ್ತು. ಗ್ರಾಮಸಭೆಗಳಿಗೆ ಅದು ಬರಲೇ ಇಲ್ಲ.

ಹಿಂದೆ ಹೀಗಿರಲಿಲ್ಲ. 1981ರಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ಪ್ರಶ್ನೆ ಎದ್ದಾಗ ಶಿರಸಿಯ ತೋಟಗಾರರು ತಮ್ಮ ಸಹಕಾರ ಸಂಘದ ಮೂಲಕ ತಜ್ಞರನ್ನು ಕರೆಸಿ ವಿಚಾರಸಂಕಿರಣ ನಡೆಸಿದರು. ಸರ್ಕಾರದ ಲೆಕ್ಕದ ಎದುರಿಗೆ ಮುಳುಗುವ ತೋಟ, ಕಾಡುಗಳ ಲೆಕ್ಕವನ್ನಿಟ್ಟರು. ಯೋಜನೆ ನಿಂತಿತು. ಪತ್ರಿಕೆಗಳಲ್ಲಿ ಇಲ್ಲದ ದೃಷ್ಟಿಕೋನವನ್ನು ಅವರು ಹುಡುಕಿಕೊಂಡು ಹೋಗಲಿಲ್ಲ, ತಾವೇ ಕಟ್ಟಿದರು.

ಮುಂದೆ ಯಾವ ಕರಡು ಬಂದರೂ ಆಕ್ಷೇಪಣೆಗೆ ದೊರೆಯುವುದು ಸಾಮಾನ್ಯವಾಗಿ 60 ದಿನ. ಅದು ಭಾಷಣ ಕೇಳುತ್ತ ಕಳೆಯಬೇಕಾದ ಕಾಲವಲ್ಲ. ವಿದ್ಯಾರ್ಥಿಗಳು ಮೂಲ ಪ್ರತಿಯನ್ನು ತರಿಸಿ ಊರಿನ ಹಿರಿಯರೆದುರು ಓದಿ ಹೇಳಲಿ. ಗ್ರಾಮಸಭೆಯಲ್ಲಿ ಅದು ಚರ್ಚೆಯಾಗಲಿ, ಒಪ್ಪಿಗೆಯೋ ವಿರೋಧವೋ ನಡಾವಳಿಯಲ್ಲಿ ದಾಖಲಾಗಲಿ. ತೋಟದ ಒಡೆಯರ ಮಾತಿನಷ್ಟೇ ಕೂಲಿಯವರ, ಸೊಪ್ಪಿನ ಬೆಟ್ಟವಿಲ್ಲದವರ ಮಾತೂ ಅಲ್ಲಿ ಕೇಳಿಬರಲಿ.

ಈ ಪತ್ರಿಕೆಗೂ ಒಂದು ಪಕ್ಷಪಾತವಿದೆ. ಅದು ಕಾಡಿನ ಪಕ್ಷ. ಆದ್ದರಿಂದ ನಾವು ಬರೆದದ್ದನ್ನೂ ಮೂಲದೊಡನೆ ತಾಳೆ ನೋಡಿರಿ. ತಪ್ಪಿದ್ದರೆ ಬರೆದು ತಿಳಿಸಿರಿ, ಅಚ್ಚುಹಾಕುತ್ತೇವೆ.