ಹರಳೆಣ್ಣೆ ಹೊಗೆಯ ಹೆಲಿಕಾಪ್ಟರು: ಕಾನೂನು ಆಕಾಶದಲ್ಲಿ, ಅಪಾಯ ನಟ್ಟಿನಲ್ಲಿ!

ಮದುವೆ ಚಪ್ಪರದ ಮೇಲೆ ಡ್ರೋನು ಗುಂಯ್‌ಗುಡುವುದು ಈಗ ಯಾರಿಗೂ ಹೊಸದಲ್ಲ. ಬ್ಯಾಟರಿ ಹಾಕಿದರೆ ಆಯ್ತು, ಹಾರುತ್ತದೆ. ಆದರೆ ಇದಕ್ಕಿಂತ ಹಳೆಯ ಜಾತಿ ಒಂದಿದೆ. ಅದು ಪುಟ್ಟ ಇಂಜಿನ್ನಿನ, ರೇಡಿಯೋ ಮೂಲಕ ನಡೆಸುವ ಮಾದರಿ ಹೆಲಿಕಾಪ್ಟರು. 1970ರ ಸುಮಾರಿಗೆ ಜರ್ಮನಿಯ ಡೀಟರ್ ಶ್ಲೂಟರ್ ಇಂಥದ್ದನ್ನು ಹಾರಿಸಿ ತೋರಿಸಿದ ಮೇಲೆ ಹವ್ಯಾಸಿಗಳಿಗೆ ಇದರ ಹುಚ್ಚು ಹಿಡಿಯಿತು. ಬ್ಯಾಟರಿ ಬಂದ ಮೇಲೆ ಇವು ಮೂಲೆ ಸೇರಿದವು. ಮೂಲೆ ಸೇರಿದ ಯಂತ್ರ ಅಗ್ಗಕ್ಕೆ ಹೊಸಬರ ಕೈಗೆ ಬಂದರೆ? ತಕರಾರು ಇರುವುದು ಅಲ್ಲೇ.

ಆಟದ ಸಾಮಾನು ತಾನೇ ಎನ್ನುವವರು ಸ್ವಲ್ಪ ಲೆಕ್ಕ ಕೇಳಬೇಕು. ಮಧ್ಯಮ ಗಾತ್ರದ ಮಾದರಿಯ ತೂಕ ಮೂರು ಕಿಲೋಗೂ ಮೇಲೆ. ರೆಕ್ಕೆಗಳ ಸುತ್ತಳತೆಯ ಅಡ್ಡಗಲ ಸುಮಾರು 1.35 ಮೀಟರ್. ನಿಮಿಷಕ್ಕೆ 1,900 ಸುತ್ತು ತಿರುಗಿದರೆ ರೆಕ್ಕೆಯ ತುದಿಯ ವೇಗ ಗಂಟೆಗೆ 480 ಕಿಲೋಮೀಟರ್! 2013ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಉದ್ಯಾನವೊಂದರಲ್ಲಿ ಇಂಥದೇ ಮಾದರಿ ಬಡಿದು ಅದನ್ನು ಹಾರಿಸುತ್ತಿದ್ದ ಯುವಕನೇ ಸತ್ತ.  ರೆಕ್ಕೆಗೆ ಬ್ಯಾಟರಿ ಯಾವುದು, ಇಂಜಿನ್ ಯಾವುದು ಎಂಬ ಭೇದವಿಲ್ಲ.

ಕಾನೂನು ಏನನ್ನುತ್ತದೆ?

2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು ಹವ್ಯಾಸಿಗಳಿಗೆ ಕೈ ಸಡಿಲ ಬಿಟ್ಟವು. 25 ಕಿಲೋ ಒಳಗಿನ, ಕಣ್ಣಳತೆಯಲ್ಲೇ ಹಾರಿಸುವ ಮಾದರಿಗೆ ತಾಂತ್ರಿಕ ಪ್ರಮಾಣಪತ್ರ ಬೇಡ. ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಲು ಮುಂಗಡ ಅನುಮತಿ ಬೇಡ. ಒಳ್ಳೆಯದೇ. ಆದರೆ ಪ್ರಮಾಣಪತ್ರ ಬೇಡ ಎಂದರೆ ಯಂತ್ರ ನೆಟ್ಟಗಿದೆಯೋ ಇಲ್ಲವೋ ನೋಡುವ ಹೊಣೆ ಹಾರಿಸುವವನದೇ ಎಂದಾಯಿತಲ್ಲ!

ಆ ಹೊಣೆ ಸಣ್ಣದಲ್ಲ. ಇದಕ್ಕೆ ಪೆಟ್ರೋಲ್ ನಡೆಯದು. ಮೆಥನಾಲ್, ನೈಟ್ರೋಮೀಥೇನ್, ಜತೆಗೆ ಹರಳೆಣ್ಣೆ ಇಲ್ಲವೇ ಕೃತಕ ಎಣ್ಣೆ ಸೇರಿದ ಮಿಶ್ರಣ ಬೇಕು. ಇಂಜಿನ್ನಿಗೆ ಬೇರೆ ಆಯಿಲ್ ಹಾಕುವ ಏರ್ಪಾಡಿಲ್ಲ, ಇಂಧನದೊಳಗಿನ ಎಣ್ಣೆಯೇ ಗತಿ. ಇಂಧನದ ಅಳತೆ ಹಿಡಿಯುವುದು ಒಂದು ನೀಡಲ್. ಅದನ್ನು ಬಿಗಿ ಮಾಡಿದಷ್ಟೂ ಇಂಜಿನ್ ಚುರುಕಾಗಿ, ಇಂಪಾಗಿ ಕೂಗುತ್ತದೆ. ಹುಡುಗರು ಮರುಳಾಗುವುದು ಇಲ್ಲೇ. ಇಂಧನ ಕಮ್ಮಿಯಾದರೆ ಎಣ್ಣೆಯೂ ಕಮ್ಮಿ, ಕಾವು ಜಾಸ್ತಿ. ಹೊಗೆಯ ಎಳೆ ಕಾಣದಾಯಿತೆಂದರೆ ಇಂಜಿನ್ ಸಾಯಲು ಹೊರಟಿದೆ ಎಂದೇ ಅರ್ಥ. ಏಪ್ರಿಲ್ ಮಧ್ಯಾಹ್ನ ಸರಿಯಿದ್ದ ನೀಡಲ್ ಡಿಸೆಂಬರ್ ಚಳಿಯ ಬೆಳಿಗ್ಗೆ ಸರಿಯಿರೋದಿಲ್ಲ, ಸ್ವಲ್ಪ ಬಿಚ್ಚಲೇಬೇಕು.

ಮೇಲೆ ಇಂಜಿನ್ ನಿಂತರೂ ರೆಕ್ಕೆ ತಾನೇ ತಿರುಗುತ್ತಾ ಮೆಲ್ಲಗೆ ಇಳಿಸಬಹುದು. ಅದಕ್ಕೆ ಒಂದೇ ಕಡೆ ಹಿಡಿಯುವ ಬೇರಿಂಗು ಸರಿಯಿರಬೇಕು. ಹಾರಾಟ ಮುಗಿದ ಮೇಲೆ ಟ್ಯಾಂಕು ಬರಿದು ಮಾಡಿ, ಇಂಜಿನ್ನಿಗೆ ನಾಲ್ಕು ತೊಟ್ಟು ಎಣ್ಣೆ ಬಿಡದಿದ್ದರೆ ಉಳಿದ ಇಂಧನ ತೇವ ಎಳೆದುಕೊಂಡು ಒಳಗಿನ ಬೇರಿಂಗಿಗೆ ತುಕ್ಕು. ಪ್ರತಿ ಹಾರಾಟಕ್ಕೂ ಮುಂಚೆ ನಟ್ಟು, ಬೋಲ್ಟು, ಸಂದುಗಳನ್ನು ಮುಟ್ಟಿ ನೋಡಬೇಕು. ಅದುರಾಟಕ್ಕೆ ಸಡಿಲಾಗದ ನಟ್ಟಿಲ್ಲ.

ಮನೆಯೊಳಗಿನ ವಿಷ

ಇನ್ನೊಂದು ಮಾತು. 1981ರಲ್ಲಿ ಬೆಂಗಳೂರಿನ ಕಳ್ಳಭಟ್ಟಿ ದುರಂತದಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡದ್ದು ಇದೇ ಮೆಥನಾಲ್. ಹೊಟ್ಟೆಗೆ ಸೇರಿದರೆ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗುತ್ತದೆ. ಅದರ ಬೆಂಕಿ ಹಗಲಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ. ಅದನ್ನು ನೀರಿನ ಬಾಟಲಿಗೆ ತುಂಬಿ ಅಡುಗೆಮನೆ ಗೂಡಲ್ಲಿಡುವವರಿಗೆ ಏನೆನ್ನೋಣ?

ಹಾಗಂತ ಈ ಹವ್ಯಾಸವನ್ನೇ ಮುಚ್ಚಿಸಿ ಎನ್ನುವುದು ಸರಿಯಲ್ಲ. ಕಿವಿಯಿಂದ ಇಂಜಿನ್ ಅಳೆಯುವ, ಕೈಯಿಂದ ಕಾವು ತಿಳಿಯುವ ವಿದ್ಯೆ ಯಾವ ಕಾಲೇಜಿನ ಡಿಗ್ರಿಗೂ ಕಮ್ಮಿಯಿಲ್ಲ. ಪ್ರತಿ ನಟ್ಟಿನ ಹತ್ತಿರ ಇನ್ಸ್‌ಪೆಕ್ಟರ್ ನಿಲ್ಲಿಸಲು ಸರಕಾರಕ್ಕೂ ಆಗದು. ಹಳೇ ಯಂತ್ರ ಮಾರುವವರು ದುಡ್ಡು ಎಣಿಸಿಕೊಂಡು ಕೈ ತೊಳೆದುಕೊಳ್ಳದೆ, ನೀಡಲ್ ಹಿಡಿಯೋದನ್ನೂ ಕಲಿಸಿ ಕಳಿಸಲಿ. ಕೊಂಡವನು ಕಲಿಯುವ ತನಕ ಜನ ಸೇರುವ ಮೈದಾನಕ್ಕೆ ಬರದಿರಲಿ. ನೋಡಲು ನಿಂತ ಮಕ್ಕಳ ತಲೆ, ನೀಡಲ್ ತಿರುಗಿಸಿದವನ ತಪ್ಪಿಗೆ ದಂಡ ತೆರಬೇಕೇ?